ಜಾನ್ ದೊರೆಯ ‘ಏಡ್’: ಸಹಾಯವೇ, ತೆರಿಗೆಯೇ, ಕಾಣಿಕೆಯೇ?

ಮಿತ್ರರೇ,

ಇಂಗ್ಲೆಂಡಿನ ದೊರೆ ಜಾನ್ ತನ್ನ ಬ್ಯಾರನ್‌ಗಳಿಗೆ, ಅಂದರೆ ದೊಡ್ಡ ಭೂಒಡೆಯರಿಗೆ, ಬರೆದುಕೊಟ್ಟ ಸನ್ನದು 1215ರ ಮ್ಯಾಗ್ನಾ ಕಾರ್ಟಾ. ಅದರ 12ನೆಯ ಕಲಮನ್ನು ಕನ್ನಡಿಸುತ್ತಿದ್ದೇನೆ. ‘ಏಡ್’ ಎಂಬ ಪುಟ್ಟ ಪದದ ಬಳಿ ಲೇಖನಿ ನಿಂತುಬಿಟ್ಟಿದೆ. ಲ್ಯಾಟಿನ್ ಮೂಲದಲ್ಲಿ ಅದು ‘ಆಕ್ಸಿಲಿಯಮ್’. ನಿಘಂಟಿನ ಪ್ರಕಾರ ನೆರವು, ಸಹಾಯ. ಹಾಗೆಯೇ ಬರೆದರೆ ‘ರಾಜ್ಯದ ಸಮ್ಮತಿಯಿಲ್ಲದೆ ಸಹಾಯವನ್ನು ವಿಧಿಸತಕ್ಕದ್ದಲ್ಲ’ ಎಂದಾಗುತ್ತದೆ. ಸಹಾಯವನ್ನು ಯಾರಾದರೂ ವಿಧಿಸುವುದುಂಟೇ?

ದೊರೆಯಿಂದ ಭೂಮಿ ಪಡೆದವರು ಅವನ ಅಗತ್ಯಕ್ಕೆ ಹಣ ಕೊಡಬೇಕೆಂಬುದು ಅಲ್ಲಿನ ಹಳೆಯ ಕಟ್ಟಳೆ; ಆ ಹಣವೇ ‘ಏಡ್’. ಆ ಕಲಮಿನಂತೆ ಯಾರನ್ನೂ ಕೇಳದೆ ಎತ್ತಬಹುದಾದ ಸಂದರ್ಭಗಳು ಮೂರೇ: ಸೆರೆಸಿಕ್ಕ ದೊರೆಯನ್ನು ಬಿಡಿಸಿಕೊಳ್ಳಲು, ಅವನ ಹಿರಿಯ ಮಗನಿಗೆ ನೈಟ್ (ಕುದುರೆಯೇರಿದ ಯೋಧ) ಪದವಿ ಕೊಡಿಸಲು, ಹಿರಿಯ ಮಗಳ ಮದುವೆಗೆ. ಮದುವೆಗೆ ಒಂದೇ ಸಲ ಎಂಬ ಷರತ್ತೂ ಇದೆ. ಮಗಳಿಗೆ ಮರುಮದುವೆಯಾದರೆ ಖರ್ಚು ಅಪ್ಪನದೇ! (ನಮ್ಮ ಶಾಸನಗಳ ಮದುವೆಸುಂಕವನ್ನು ಇಲ್ಲಿಗೆ ಎಳೆದು ತರಬಾರದು. ಅದು ಪ್ರಜೆಯ ಮನೆಯ ಮದುವೆಗೆ ಬೀಳುತ್ತಿದ್ದದ್ದು.) ಉಳಿದ ಯಾವುದೇ ಏಡ್‌ಗೂ, ಸೈನ್ಯಸೇವೆಗೆ ಬದಲಾಗಿ ವಸೂಲಾಗುತ್ತಿದ್ದ ‘ಸ್ಕ್ಯೂಟೇಜ್’ ಹಣಕ್ಕೂ ರಾಜ್ಯದ ಸಮ್ಮತಿ ಬೇಕು. 1214ರಲ್ಲಿ ಜಾನ್ ಒಂದೊಂದು ನೈಟ್ ಹಿಡುವಳಿಗೆ (ಒಬ್ಬ ನೈಟ್‌ನ ಸೇವೆ ಒದಗಿಸಬೇಕೆಂಬ ಕರಾರಿನ ಭೂಮಿಗೆ) 3 ಮಾರ್ಕ್, ಅಂದರೆ 2 ಪೌಂಡ್ ಕೇಳಿದಾಗ ಉತ್ತರದ ಬ್ಯಾರನ್‌ಗಳು ಕೊಡುವುದಿಲ್ಲವೆಂದು ಕೂತದ್ದು ಈ ಕಲಮಿನ ಹಿಂದಿನ ಕಥೆ.

‘ತೆರಿಗೆ’ ಎಂದುಬಿಡಿ ಎಂದು ಗೆಳೆಯರೊಬ್ಬರ ಸಲಹೆ. ನನಗೆ ಒಪ್ಪಿಗೆಯಿಲ್ಲ. ತೆರಿಗೆಯೆಂದರೆ ಕೊಡಲೇಬೇಕಾದದ್ದು. ಏಡ್ ಹೆಸರಿಗಾದರೂ ಬೇಡಿಕೆ, ಬೇಡಿಕೆಯಾದ್ದರಿಂದಲೇ ‘ಏಕೆ?’ ಎಂದು ಕೇಳುವ ಬಾಯಿ ಎದುರಿನವರಿಗೆ ಬಂದದ್ದು. ಮುಂದೆ ದೊರೆಯ ಕೈ ಕಟ್ಟಿದ್ದು ಮುಖ್ಯವಾಗಿ ಈ ಎಳೆಯೇ. ಜಾನ್ ಸತ್ತ ಮೇಲೆ 1216ರಲ್ಲಿ ಸನ್ನದನ್ನು ಮತ್ತೆ ಹೊರಡಿಸಿದಾಗ 12ನೆಯ ಕಲಮನ್ನೇ ಕೈಬಿಟ್ಟರು, ನಿಜ. ಆದರೆ ವಾಡಿಕೆ ಸಾಯಲಿಲ್ಲ. 1225ರಲ್ಲಿ ಜಾನ್‌ನ ಮಗ ಮೂರನೆಯ ಹೆನ್ರಿ ಪ್ರಜೆಗಳ ಚರಾಸ್ತಿಯ ಹದಿನೈದರಲ್ಲಿ ಒಂದು ಪಾಲು ಪಡೆದು ಸನ್ನದನ್ನು ಪುನಃ ಕೊಟ್ಟ; ಈ ಕೊಡುಕೊಳ್ಳುವಿಕೆ ಸನ್ನದಿನ ಪಠ್ಯದಲ್ಲೇ ದಾಖಲಾಗಿದೆ. 1297ರಲ್ಲಿ ಹೆನ್ರಿಯ ಮಗ ಒಂದನೆಯ ಎಡ್ವರ್ಡ್, ಹಳೆಯ ರೂಢಿಯವನ್ನು ಬಿಟ್ಟು ಬೇರೆ ಏಡ್‌ಗಳನ್ನು ಇಡೀ ರಾಜ್ಯದ ಒಪ್ಪಿಗೆಯಿಲ್ಲದೆ ಎತ್ತುವುದಿಲ್ಲವೆಂದು ಒಪ್ಪಿಕೊಂಡ. 1340ರ ಶಾಸನದ ವೇಳೆಗೆ ಆ ಒಪ್ಪಿಗೆ ಪಾರ್ಲಿಮೆಂಟಿನಲ್ಲೇ, ಕಾಮನ್ಸ್ ಎಂಬ ಜನಪ್ರತಿನಿಧಿಗಳನ್ನೂ ಸೇರಿಸಿಕೊಂಡೇ ಆಗಬೇಕಾಯಿತು.

ಸದ್ಯಕ್ಕೆ ನನ್ನ ಒಲವು ‘ಕಾಣಿಕೆ’ಯತ್ತ. ಪಾಳೆಯಗಾರರ ಕಾಲದ ‘ಕಪ್ಪಕಾಣಿಕೆ’ಯಲ್ಲಿ ವಿನಯದ ಹೆಸರೂ ಇದೆ, ಒತ್ತಾಯದ ವಾಸನೆಯೂ ಇದೆ. ತೊಡಕೆಂದರೆ, ಇಂದಿನ ಓದುಗರಿಗೆ ಕಾಣಿಕೆ ಎಂದೊಡನೆ ದೇವಸ್ಥಾನದ ಹುಂಡಿ ನೆನಪಾಗುತ್ತದೆ. ‘ನೆರವುಗಾಣಿಕೆ’ ಎಂದು ಜೋಡಿಸಿದರೆ ಕೃತಕವೆನಿಸುವುದೇ?

ಇನ್ನೊಂದು ಪದವೂ ಇದೆ. ನಾನು ಮೇಲೆ ‘ರಾಜ್ಯದ ಸಮ್ಮತಿ’ ಎಂದು ಬರೆದದ್ದು ಮೂಲದಲ್ಲಿ ‘ಕೊಮ್ಯೂನೆ ಕನ್ಸಿಲಿಯಮ್’. ಅಕ್ಷರಶಃ ಅದು ಸಲಹೆ, ಸಮಾಲೋಚನೆ. 14ನೆಯ ಕಲಮು ಅದನ್ನು ಪಡೆಯುವ ಬಗೆಯನ್ನು ಹೇಳುತ್ತದೆ: ಬಿಷಪ್‌ಗಳು, ಅರ್ಲ್‌ಗಳು, ದೊಡ್ಡ ಬ್ಯಾರನ್‌ಗಳಿಗೆ ಒಬ್ಬೊಬ್ಬರಿಗೂ ಪತ್ರ, ದೊರೆಯಿಂದ ನೇರವಾಗಿ ಭೂಮಿ ಪಡೆದ ಉಳಿದ ಹಿಡುವಳಿದಾರರಿಗೆ ಶೆರಿಫ್‌ಗಳ (ಜಿಲ್ಲೆಯಲ್ಲಿನ ದೊರೆಯ ಅಧಿಕಾರಿಗಳ) ಮೂಲಕ ಕರೆ, ಕನಿಷ್ಠ 40 ದಿನಗಳ ಮುನ್ಸೂಚನೆ, ಪತ್ರದಲ್ಲಿ ಕಾರಣದ ನಮೂದು, ಕರೆದವರೆಲ್ಲರೂ ಬಾರದಿದ್ದರೂ ಬಂದವರ ಸಲಹೆಯಂತೆ ಕೆಲಸ ನಡೆಯಬೇಕು. ಇಷ್ಟೆಲ್ಲ ಏರ್ಪಾಡು ಇರುವಾಗ ‘ಸಲಹೆ’ ಸಪ್ಪೆ, ‘ಸಭೆ’ ಅವಸರದ ಮಾತು. ‘ಒಮ್ಮತ’ವಂತೂ ತಪ್ಪು. ‘ಸಮ್ಮತಿ’ಯನ್ನೇ ಉಳಿಸಿಕೊಳ್ಳಲೇ, ಅಥವಾ ‘ಕೂಡಿದವರ ಆಲೋಚನೆ’ ಎಂದು ಬಿಡಿಸಿ ಬರೆಯಲೇ? ಹಳಗನ್ನಡ, ಶಾಸನಭಾಷೆ ಬಲ್ಲವರು ದಯವಿಟ್ಟು ತಿಳಿಸಿ.