ಸಿಸೇರಿಯನ್ ವೇಳೆ ಬಿ.ಪಿ. ಅಂಕಿ ಸರಿಯಿದ್ದರೂ ವಾಕರಿಕೆ ಬಂದದ್ದೇಕೆ?

ಪ್ರಶ್ನೆ (ಶಿವಮೊಗ್ಗದಿಂದ)
ನಮಸ್ಕಾರ. ಮುಂದಿನ ತಿಂಗಳು ನನಗೆ ಎರಡನೆಯ ಸಿಸೇರಿಯನ್ ಇದೆ. ಮೊದಲ ಸಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ ಕೆಲವೇ ನಿಮಿಷಗಳಲ್ಲಿ ವಿಪರೀತ ವಾಕರಿಕೆ ಬಂದು ಕಣ್ಣು ಕತ್ತಲಿಟ್ಟಿತು. ಹೇಳಿದಾಗ, ಬಿ.ಪಿ. ಈಗಷ್ಟೇ ನೋಡಿದ್ದೇವೆ, ಸರಿಯಾಗಿದೆ ಎಂದರು. ತೋಳಿನ ಪಟ್ಟಿ ಮತ್ತೊಮ್ಮೆ ಬಿಗಿದು ಸಡಿಲವಾದಾಗ ಮಾನಿಟರ್ ಕೂಗಿತು, ಅವಸರದಲ್ಲಿ ಔಷಧಿ ಕೊಟ್ಟರು. ಮಗುವಿಗೂ ನನಗೂ ತೊಂದರೆಯಾಗಲಿಲ್ಲವಾದರೂ ಆ ಭಯ ಇನ್ನೂ ಹೋಗಿಲ್ಲ. ಬೆರಳಿಗೆ ಹಾಕಿ ಎಡೆಬಿಡದೆ ಬಿ.ಪಿ. ತೋರಿಸುವ ಸಾಧನವಿದೆಯಂತೆ, ಅದನ್ನು ಕೇಳಬೇಕೇ?

ಉತ್ತರ (ಅರಿವಳಿಕೆ ವೈದ್ಯೆ, ಧಾರವಾಡ)
ನಿಮಗಾದದ್ದೂ ನಿಜ, ಯಂತ್ರದ ಅಂಕಿಯೂ ನಿಜ. ಆದರೆ ಆ ಅಂಕಿ ಆಗಲೇ ಹಳೆಯದಾಗಿತ್ತು. ಬೆನ್ನಿನ ಇಂಜೆಕ್ಷನ್ ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ನರಗಳನ್ನೂ ಮರಗಟ್ಟಿಸುವುದರಿಂದ ಕೆಳಮೈಯ ನಾಳಗಳು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದರೆ ತುಂಬುಗರ್ಭವು ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯನ್ನೂ ಒತ್ತುತ್ತದೆ. ಬಲ ಸೊಂಟದ ಕೆಳಗೆ ದಿಂಬಿಟ್ಟು ಎಡಕ್ಕೆ ವಾಲಿಸುವುದು ಇದಕ್ಕಾಗಿಯೇ. ಒತ್ತಡ ನೋಡನೋಡುತ್ತಲೇ ಕುಸಿಯಬಲ್ಲದಾದ್ದರಿಂದ ಮಗು ಹೊರಬರುವವರೆಗೆ ನಿಮಿಷಕ್ಕೊಮ್ಮೆ ಅಳೆಯಬೇಕು. ಐದು ನಿಮಿಷಕ್ಕೊಮ್ಮೆ ಎಂದು ಹೊಂದಿಸಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ಮೇಲಿನ ಒತ್ತಡವನ್ನು ಅರಿವಳಿಕೆಗೆ ಮೊದಲಿದ್ದುದರ ಶೇ. 90ರಷ್ಟಾದರೂ ಉಳಿಸಿಕೊಳ್ಳಬೇಕು, ಶೇ. 80ಕ್ಕಿಂತ ಕೆಳಗಿನ ಕುಸಿತಗಳನ್ನು ತಪ್ಪಿಸಬೇಕು ಎಂಬುದು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಶಿಫಾರಸು. ಮೊದಲು 120 ಇದ್ದವರಿಗೆ ಈ ಗಡಿಗಳು 108 ಮತ್ತು 96.

ಎರಡು ಅಳತೆಗಳ ನಡುವಿನ ಹೊತ್ತಿನಲ್ಲಿ ನಾನು ಗಮನಿಸುವುದು ಇ.ಸಿ.ಜಿ.ಯ ಬಡಿತವನ್ನು ಮತ್ತು ತಾಯಿಯ ಮಾತನ್ನು. ಈ ಹಂತದಲ್ಲಿ ವಾಕರಿಕೆ ಎಂದರೆ ಬಿ.ಪಿ. ಇಳಿಯುತ್ತಿದೆ ಎಂದೇ ಮೊದಲು ಎಣಿಸಬೇಕು. ಒತ್ತಡ ಏರಿಸಲು ಕೊಡುವ ಫಿನೈಲೆಫ್ರಿನ್ ನಾಡಿಯನ್ನು ನಿಧಾನಗೊಳಿಸುತ್ತದೆ, ಬಿ.ಪಿ. ಚೆನ್ನಾಗಿ ಕಂಡರೂ ನಾಡಿ ತೀರಾ ಇಳಿದಿದ್ದರೆ ಹೃದಯ ಹೊರದೂಡುವ ರಕ್ತ ಕಡಿಮೆಯಾಗಿರಬಹುದು, ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಓದುವಂತಿಲ್ಲ.

ಉತ್ತರ (ವೈದ್ಯಕೀಯ ಉಪಕರಣಗಳ ಎಂಜಿನಿಯರ್, ಬೆಂಗಳೂರು)
ತೋಳಿನ ಪಟ್ಟಿಯ ಗಾಳಿ ಇಳಿಯುವಾಗ ರಕ್ತನಾಳದ ಮಿಡಿತದಿಂದ ಅದರಲ್ಲಿ ಸಣ್ಣ ಅಲುಗಾಟಗಳು ಉಂಟಾಗುತ್ತವೆ. ಅಲುಗಾಟ ಅತಿ ಹೆಚ್ಚಾಗುವ ಬಿಂದುವೇ ಸರಾಸರಿ ಒತ್ತಡ. ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಯಂತ್ರ ಲೆಕ್ಕ ಹಾಕಿ ಹೇಳುತ್ತದೆ. ತಾಯಿ ನಡುಗುತ್ತಿದ್ದರೆ ಆ ನಡುಕವೂ ಬೆರೆತು, ಯಂತ್ರ ಮತ್ತೆ ಮತ್ತೆ ಬಿಗಿಯುತ್ತ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಬೆರಳಿನ ಸಾಧನದ ಹಿಂದಿರುವುದು ಚೆಕ್ ಶರೀರವಿಜ್ಞಾನಿ ಯಾನ್ ಪೆನಾಜ್ 1973ರಲ್ಲಿ ಮುಂದಿಟ್ಟ ವಿಧಾನ. ಇನ್ಫ್ರಾರೆಡ್ ಬೆಳಕಿನಿಂದ ಬೆರಳಿನ ನಾಳದ ಗಾತ್ರವನ್ನು ನೋಡುತ್ತ, ಅದು ಬದಲಾಗದಂತೆ ಪುಟ್ಟ ಪಟ್ಟಿಯ ಒತ್ತಡವನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸಿದರೆ, ಆ ಏರಿಳಿತವೇ ರಕ್ತದೊತ್ತಡದ ಅಲೆಯಾಗುತ್ತದೆ. ಕುಸಿತದ ಆರಂಭ ಇದರಲ್ಲಿ ಬೇಗ ಕಾಣುತ್ತದೆ. ಆದರೆ ಬೆರಳು ತಣ್ಣಗಿದ್ದರೆ ಅಥವಾ ಊದಿದ್ದರೆ ಅಂಕಿ ದಾರಿ ತಪ್ಪಬಹುದು. ತೋಳಿನ ಪಟ್ಟಿಯೊಂದಿಗೆ ಹೋಲಿಸುತ್ತಲೇ ಇರಬೇಕು. ಸಾಧನ ದುಬಾರಿಯೂ ಹೌದು. ಅದು ಸಿಗದಿದ್ದರೆ ಚಿಂತಿಸಬೇಡಿ.

ಉತ್ತರ (ಓ.ಟಿ. ನರ್ಸ್, ಮಂಗಳೂರು)
ಅಕ್ಕಾ, ತೋಳಿಗೆ ತಕ್ಕ ಅಳತೆಯ ಪಟ್ಟಿ ಕಟ್ಟಿದ್ದಾರೆಯೇ ಎಂದು ಕೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸಿ, ಇಳಿದದ್ದು ಮರೆಯಾಗುತ್ತದೆ. ಡ್ರಿಪ್ ಹಾಕಿದ ಕೈಗೆ ಪಟ್ಟಿ ಕಟ್ಟಿದರೆ ಅದು ಬಿಗಿದಾಗಲೆಲ್ಲ ಔಷಧಿ ಒಳಹೋಗುವುದು ನಿಲ್ಲುತ್ತದೆ, ಹಾಗಾಗಿ ನಾವು ಇನ್ನೊಂದು ಕೈಗೆ ಕಟ್ಟುತ್ತೇವೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಮಗು ಅತ್ತ ಮೇಲೆ ಎದೆ ಡವಡವ ಹೊಡೆದುಕೊಂಡದ್ದೂ ಬಿ.ಪಿ.ಯಿಂದಲೇ?

ಅರಿವಳಿಕೆ ವೈದ್ಯೆ
ಆಕ್ಸಿಟೋಸಿನ್‌ನಿಂದ ಇರಬಹುದು. ಗರ್ಭಕೋಶ ಬಿಗಿದು ರಕ್ತಸ್ರಾವ ಕಡಿಮೆಯಾಗಲೆಂದು ಕೊಡುವ ಈ ಔಷಧಿಯನ್ನು ಒಮ್ಮೆಲೇ ಕೊಟ್ಟರೆ ಒತ್ತಡ ಇಳಿದು ನಾಡಿ ಓಡುತ್ತದೆ, ನಿಧಾನವಾಗಿ ಕೊಡಬೇಕು. ರಕ್ತಸ್ರಾವವಾದಾಗಲೂ ನಾಡಿ ಏರುವುದರಿಂದ ಮಗು ಬಂದ ಮೇಲೂ ಮಾನಿಟರಿನಿಂದ ಕಣ್ಣು ತೆಗೆಯುವಂತಿಲ್ಲ. ಹಿಂದಿನ ಸಲ ಹೀಗಾಗಿತ್ತೆಂದು ನಿಮ್ಮ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ. ಬೆನ್ನಿನ ಇಂಜೆಕ್ಷನ್ ಆದ ಕೂಡಲೇ, ಒತ್ತಡ ಇಳಿಯುವ ಮುನ್ನವೇ, ಫಿನೈಲೆಫ್ರಿನ್ ಆರಂಭಿಸಲು ಅವರು ಸಿದ್ಧರಿರುತ್ತಾರೆ.