ಪದಚರ್ಚೆ: ಟೈಟನ್ ಯಂತ್ರದೊಳಗಿನ ಬುದ್ಧಿಗೆ ‘ಸಾರಥಿ’ ಸರಿಯೇ?

ಪ್ರಶ್ನೆ:
2016ರ ‘ಟೈಟನ್‌ಫಾಲ್ 2’ ವಿಡಿಯೊ ಆಟದ ಕಥಾಭಾಗಕ್ಕೆ ಕನ್ನಡ ಅಡಿಬರಹ ಬರೆಯುತ್ತಿದ್ದು, ನಾಳೆ ಸಂಜೆಯೊಳಗೆ ಒಪ್ಪಿಸಬೇಕಾಗಿದೆ. ಆಟದಲ್ಲಿ ದೈತ್ಯ ಯುದ್ಧಯಂತ್ರಕ್ಕೆ ‘ಟೈಟನ್’ ಎಂದೂ ಅದನ್ನು ನಡೆಸುವವನಿಗೆ ‘ಪೈಲಟ್’ ಎಂದೂ ಹೆಸರು. ಬಿಟಿ-7274 ಎಂಬ ಟೈಟನ್ನಿನೊಳಗಿನ ಕೃತಕ ಬುದ್ಧಿಯು, ತನ್ನ ಪೈಲಟ್ ಆಗಿದ್ದ ಲಾಸ್ಟಿಮೋಸಾ ಮಡಿದ ಮೇಲೆ, ಸಾಮಾನ್ಯ ಸೈನಿಕನಾದ ಜಾಕ್ ಕೂಪರನನ್ನು ಪೈಲಟ್ ಎಂದು ಒಪ್ಪಿಕೊಳ್ಳುತ್ತದೆ. ಪೈಲಟ್‌ನೊಡನೆ ಬೆಸೆದುಕೊಳ್ಳುವುದು, ಕಾರ್ಯಾಚರಣೆಯನ್ನು ಕೈಬಿಡದಿರುವುದು, ಪೈಲಟ್‌ನನ್ನು ಕಾಪಾಡುವುದು ಎಂಬ ಮೂರು ಕಟ್ಟಳೆಗಳು ಅದಕ್ಕಿವೆ. ಇಂಥ ಬುದ್ಧಿಯನ್ನು ಏನೆಂದು ಕರೆಯಬೇಕು? ‘ಸಹಾಯಕ’ ಎಂದರೆ ತಾಲ್ಲೂಕು ಕಚೇರಿ ಕಣ್ಣಮುಂದೆ ಬರುತ್ತದೆ.

ಮರು:
‘ಸಾರಥಿ’ ಇರುವಾಗ ಹುಡುಕಾಟವೇಕೆ? ಈ ಪದವು ‘ಸರಥ’ದಿಂದ ಬಂದುದು, ಒಂದೇ ರಥದಲ್ಲಿ ಜೊತೆಗಿರುವವನು ಎಂಬುದು ಅದರ ಮೂಲಾರ್ಥವೇ ಹೊರತು ಕುದುರೆ ಹೊಡೆಯುವವನು ಎಂಬುದಲ್ಲ. ಕೂಪರ್ ರಥಿಕ, ಬಿಟಿ ಸಾರಥಿ. ಕುರುಕ್ಷೇತ್ರದಲ್ಲಿ ಬಿಲ್ಲು ಹಿಡಿದವನಿಗಿಂತ ಹೆಚ್ಚು ತಿಳಿದವನು ಮುಂದೆ ಕುಳಿತಿದ್ದನೆಂಬುದನ್ನು ಕನ್ನಡ ಓದುಗರಿಗೆ ವಿವರಿಸಬೇಕಾಗಿಯೂ ಇಲ್ಲ.

ಮರು:
ಒಪ್ಪಲಾಗದು. ವ್ಯುತ್ಪತ್ತಿ ಏನೇ ಇರಲಿ, ಇಂದಿನ ಬಳಕೆಯಲ್ಲಿ ಸಾರಥಿಯ ಕೈಯಲ್ಲಿ ಲಗಾಮಿರುತ್ತದೆ. ಈ ಆಟದಲ್ಲಿ ಪೈಲಟ್ ಒಳಹೊಕ್ಕ ಕೂಡಲೇ ಯಂತ್ರ ನಡೆಸುವವನು ಅವನೇ, ಬುದ್ಧಿಯದು ಸಲಹೆ ಮಾತ್ರ. ಅವನು ಇಳಿದಾಗಲಷ್ಟೇ ಟೈಟನ್ ತಾನಾಗಿ ಹೋರಾಡುತ್ತದೆ. ಅದೂ ಅಲ್ಲದೆ, ಬಿಟಿಯ ಮೈ ನಾಶವಾದಾಗ ಕೂಪರ್ ಅದರ ದತ್ತಾಂಶದ ತಿರುಳನ್ನು ಉಳಿಸಿಕೊಂಡು ಬೇರೊಂದು ಟೈಟನ್ನಿಗೆ ಸೇರಿಸುತ್ತಾನೆ. ರಥ ಸುಟ್ಟ ಮೇಲೂ ಉಳಿಯುವ ಈ ನಂಟಿಗೆ ರಥದ ಹೆಸರನ್ನು ಅಂಟಿಸುವುದು ಹೇಗೆ?

ಮರು:
ಇಬ್ಬರೂ ಸಂಸ್ಕೃತದ ಅಂಗಳದಲ್ಲೇ ಜಗಳವಾಡುತ್ತಿದ್ದೀರಿ. ‘ಒಡನಾಡಿ’ ಎಂಬ ಅಚ್ಚಗನ್ನಡ ಪದ ಯಾರ ಕಣ್ಣಿಗೂ ಬೀಳಲಿಲ್ಲವೇ? ಯಂತ್ರವನ್ನು ‘ರೋಬೋ’ ಎಂದು ಕರೆಯುವ ಯೋಚನೆಯಿದ್ದರೆ ಅದನ್ನೂ ತೆಗೆದುಹಾಕಿ. ಅದು ಚೆಕ್ ನುಡಿಯ ‘ರೊಬೊಟ’ದಿಂದ, ಅಂದರೆ ಒತ್ತಾಯದ ದುಡಿಮೆ ಎಂಬುದರಿಂದ ಹುಟ್ಟಿದ್ದರಿಂದ ನಮ್ಮ ನುಡಿಯಲ್ಲಿ ‘ಬಿಟ್ಟಿಯಾಳು’ ಎಂದರೆ ಸಾಕು.

ಮರು:
‘ಬಿಟ್ಟಿ’ಯು ಸಂಸ್ಕೃತ ‘ವಿಷ್ಟಿ’ಯ ತದ್ಭವ. ಅಚ್ಚಗನ್ನಡದ ಕಾವಲಿಗೆ ನಿಂತವರು ಮೊದಲು ನಿಘಂಟು ತೆರೆಯಲಿ.

ಮರು:
ತದ್ಭವವು ಕನ್ನಡದ ಬಾಯಲ್ಲಿ ಪಳಗಿದ ಪದ. ‘ರೋಬೋ’ವನ್ನು ಅದರೊಡನೆ ಹೋಲಿಸುವುದು ಹಟವಷ್ಟೇ.

ಮರು:
ಹಾಗಾದರೆ ‘ಪೈಲಟ್’ ಪಳಗಲು ಇನ್ನೆಷ್ಟು ಕಾಲ ಬೇಕು? ವಿಮಾನದ ಸುದ್ದಿಯಲ್ಲಿ ಎಲ್ಲರೂ ಬರೆಯುವ ಪದವದು. ನೂರು ವರ್ಷ ಹಳೆಯದಾದ ಎರವಲಷ್ಟೇ ಶುದ್ಧ ಎನ್ನುವ ನಿಯಮವನ್ನು ಯಾರು ಮಾಡಿದರು?

ಪ್ರಶ್ನೆ ಕೇಳಿದವರಿಂದ:
‘ಪೈಲಟ್’ ಹಾಗೆಯೇ ಇರಲಿ, ಬಿಟಿಗೆ ‘ಒಡನಾಡಿ’ ಎಂದು ಬರೆಯುತ್ತೇನೆ; ‘ಬಿಟ್ಟಿಯಾಳು’ ಬೇಡ, ಏಕೆಂದರೆ ಬಿಟಿಯ ಪಕ್ಕದಲ್ಲಿ ಅದನ್ನು ಅಚ್ಚುದೋಷವೆಂದೇ ಓದುತ್ತಾರೆ. ಕೂಪರನನ್ನು ಕಂದರದಾಚೆಗೆ ಎಸೆಯುವ ಮುನ್ನ ಬಿಟಿ ಆಡುವ ಮಾತಿಗೆ ‘ನನ್ನನ್ನು ನಂಬು’ ಎಂದಿದ್ದೇನೆ. ಸೇನೆಯ ಯಂತ್ರವಾದ್ದರಿಂದ ‘ನಂಬಿ’ ಎಂಬ ಬಹುವಚನ ಬೇಕೆನ್ನುವವರು ಬೆಳಗಿನೊಳಗೆ ತಿಳಿಸಬೇಕು.