ಕಾಸ್ಟೋಕಾಂಡ್ರೈಟಿಸ್‌ಗೆ ‘ಉರಿಯೂತ’ ಸರಿ ಹೋಗುತ್ತಾ?

ಎಲ್ಲರಿಗೂ ನಮಸ್ಕಾರ. ಕಾಸ್ಟೋಕಾಂಡ್ರೈಟಿಸ್ ಅನ್ನೋ ಎದೆನೋವಿಗೆ ಜನರಿಗೆ ತಿಳಿಯೋ ಹೆಸರು ಬೇಕಾಗಿದೆ. ‘ಎದೆಗೋಡೆಯ ಉರಿಯೂತ’ (ಉರಿಯೂತ ಅಂದರೆ ಇಂಗ್ಲಿಷಿನ ಇನ್‌ಫ್ಲಮೇಶನ್) ಅಂತ ಬರೆಯಬಹುದು, ಆದರೆ ಅದು ದಾರಿ ತಪ್ಪಿಸುತ್ತೆ ಅನ್ನೋದು ನನ್ನ ತಕರಾರು.

ಧಾರವಾಡದಲ್ಲಿ ನಮ್ಮ ವೈನಿಗೆ (ಅತ್ತಿಗೆಗೆ) ಹಾಗೇ ಆಯಿತು. ಜೋಳದ ಚೀಲ ಎತ್ತಿಟ್ಟ ಮರುದಿನ ಎದೆಯ ಎಡಕ್ಕೆ ಚಳಕು ಶುರು, ಸೀನಿದರೆ, ಮಗ್ಗುಲು ಹೊರಳಿದರೆ, ಉಸಿರು ಜೋರಾಗಿ ಎಳೆದರೆ ಇನ್ನೂ ಜಾಸ್ತಿ. ಮನೆಯವರೆಲ್ಲ ಹೆದರಿದೆವು. ಇಸಿಜಿ ಸರಿ ಇತ್ತು. ಡಾಕ್ಟರು ಎದೆಯ ನಡುವಿನ ಎಲುಬಿನ ಪಕ್ಕ ಬೆರಳಿಟ್ಟು ಒತ್ತಿದ ಕೂಡಲೇ ವೈನಿ ‘ಹಾಂ, ಇಲ್ಲೇ ನೋಡ್ರಿ’ ಅಂದರು. ‘ಉರಿಯೂತ ಆಗ್ಯದ’ ಅಂತ ಡಾಕ್ಟರು ಹೇಳಿದ್ದು ಇವರಿಗೆ ಎದೆಯುರಿ ಅಂತ ಕೇಳಿಸಿದೆ! ಖಾರ ಬಿಟ್ಟು ಮಜ್ಜಿಗೆ ಕುಡಿಯುತ್ತಾ ಕೂತರು, ನೋವಿನ ಗುಳಿಗೆ ಮುಟ್ಟಲಿಲ್ಲ.

ಅವರ ತಪ್ಪೇನಿದೆ? ಆ ಪದದಲ್ಲಿ ‘ಉರಿ’ನೂ ಇದೆ, ‘ಊತ’ನೂ ಇದೆ. ಈ ಕಾಯಿಲೆಯಲ್ಲಿ ಹೊರಗೆ ಊತ ಕಾಣೋದಿಲ್ಲ. ಊತ ಇದ್ದರೆ ಅದು ಟೀಟ್ಸೆ ಸಿಂಡ್ರೋಮ್, 1921ರಲ್ಲಿ ಅಲೆಕ್ಸಾಂಡರ್ ಟೀಟ್ಸೆ ಅನ್ನೋ ಜರ್ಮನ್ ಸರ್ಜನ್ ವಿವರಿಸಿದ್ದು, ಅದನ್ನು ಬೇರೆಯಾಗಿಯೇ ಎಣಿಸುತ್ತಾರೆ.

ಮೂಲ ಪದದಲ್ಲಿ ‘ಕಾಸ್ಟಾ’ ಅಂದರೆ ಲ್ಯಾಟಿನ್‌ನಲ್ಲಿ ಪಕ್ಕೆಲುಬು, ‘ಖೋಂಡ್ರೋಸ್’ ಅಂದರೆ ಗ್ರೀಕ್‌ನಲ್ಲಿ ಮೆದು ಎಲುಬು. ಶಾಲೆ ಪುಸ್ತಕದ ‘ಮೃದ್ವಸ್ಥಿ’ ಮಾತಿನಲ್ಲಿ ಯಾರ ಬಾಯಿಗೂ ಬರೋದಿಲ್ಲ, ಬಿಡಿ. ಪಕ್ಕೆಲುಬು ಈ ಮೆದು ಎಲುಬಿನ ಮೂಲಕ ಎದೆ ಎಲುಬಿಗೆ ಕೂಡೋ ಸಂದಿನಲ್ಲಿ ನೋವು, ಹೆಚ್ಚಾಗಿ 2ರಿಂದ 5ನೇ ಪಕ್ಕೆಲುಬಿನಲ್ಲಿ. ಅದಕ್ಕೇ ‘ಪಕ್ಕೆಲುಬಿನ ಸಂದುನೋವು’ ಅಂದರೆ ಹೇಗೆ? ಜಾಗವೂ ತಿಳಿಯುತ್ತೆ, ಹೊಟ್ಟೆಗೆ ಸಂಬಂಧ ಇಲ್ಲ ಅನ್ನೋದೂ ತಿಳಿಯುತ್ತೆ.

ಒಂದು ಹೆದರಿಕೆ ಮಾತ್ರ ಇದೆ. ಹೆಸರು ಹಗುರಾಗಿ ಕೇಳಿಸಿ, ಜನ ಹೃದಯದ ನೋವನ್ನೂ ಇದೇ ಅಂದುಕೊಂಡು ಮನೆಯಲ್ಲೇ ಕೂರಬಾರದು. ಎದೆ ಹಿಂಡಿದಂತಾಗಿ ತೋಳಿಗೋ ದವಡೆಗೋ ನೋವು ಹರಿದರೆ, ಬೆವರು, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒತ್ತಿದರೆ ನೋಯುತ್ತೆ ಅಂದಮಾತ್ರಕ್ಕೆ ಹೃದಯದ್ದಲ್ಲ ಅಂತ ನಾವೇ ತೀರ್ಮಾನಿಸೋ ಹಾಗಿಲ್ಲ.

ನಮ್ಮ ಮನೆಯಲ್ಲಿ ‘ಎದಿ ಹಿಡದದ’ ಅಂತ ಹೃದಯದ ನೋವಿಗೂ ಈ ಎಲುಬಿನ ನೋವಿಗೂ ಅನ್ನುತ್ತೇವೆ. ಗದಗ, ಹಾವೇರಿ ಕಡೆಯವರು ಹೇಳಿ, ನಿಮ್ಮ ಮನೆಗಳಲ್ಲಿ ಹಿರಿಯರು ಎಲುಬಿನ ಚಳಕಿಗೆ ಬೇರೆ ಮಾತು ಬಳಸುತ್ತಾರಾ?